ಟಿಎಸ್‌ಎಚ್ 6.8 ಬಂದಿದೆ, ಅಗ್ನಿವೀರ್ ಭರ್ತಿಗೆ ಹೋಗಬಹುದಾ?

ಬೇಲೇಕೇರಿ ಬಂದರ:
ಅಣ್ಣನ ಮಗ, 18 ವರ್ಷ, 58 ಕೆ.ಜಿ. ಭೂಸೇನೆಯ ಅಗ್ನಿವೀರ್ ಜಿಡಿಗೂ (ಸಾಮಾನ್ಯ ಸೈನಿಕ) ನೌಕಾಪಡೆಯ ಎಸ್‌ಎಸ್‌ಆರ್‌ಗೂ (ನಾವಿಕನ ಹುದ್ದೆ) ತಯಾರಿ ಮಾಡ್ತಾ ಇದ್ದಾನೆ. ಜ್ವರ ಬಿಟ್ಟು ಹತ್ತು ದಿನಕ್ಕೆ ಸುಸ್ತು ಅಂತ ಪೂರ್ತಿ ತಪಾಸಣೆಯ ಪ್ಯಾಕೇಜ್ ಮಾಡಿಸಿದ್ರೆ ಟಿಎಸ್‌ಎಚ್ 6.8 ಅಂತ ಬಂತು (ಥೈರಾಯ್ಡ್ ಗ್ರಂಥಿಯನ್ನ ಕೆಲಸಕ್ಕೆ ಎಬ್ಬಿಸೋ ಹಾರ್ಮೋನಂತೆ, ಗ್ರಂಥಿ ಸೋತರೆ ಏರುತ್ತಂತೆ). ಬೇರೆ ಥೈರಾಯ್ಡ್ ಪರೀಕ್ಷೆ ಆಗಿಲ್ಲ. 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ, ಬಾಟಲಿ ಮನೇಲಿದೆ, ಸೀಲ್ ಒಡೆದಿಲ್ಲ. ಕೇಳಬೇಕಾದ್ದು ಮೂರು. ಮಾತ್ರೆ ತಗೊಳ್ತಾ ಸೇನೆಗೆ ಸೇರಬಹುದಾ? ಮೆಡಿಕಲ್‌ಗೆ ನಾಲ್ಕು ದಿನ ಮುಂಚೆ ಮಾತ್ರೆ ಬಿಟ್ಟರೆ ಗೊತ್ತಾಗಲ್ಲ ಅಂತಾರೆ, ಹೌದಾ? ಅವನ ಅಕ್ಕ 20 ವರ್ಷದವಳು, ಸೇನಾಧಿಕಾರಿ ಆಗೋ ಸಿಡಿಎಸ್ ಪರೀಕ್ಷೆ ಬರೆಯೋಳು, ಅವಳ ಸ್ಕ್ಯಾನಿನಲ್ಲಿ ಪಿಸಿಒಡಿ (ಅಂಡಾಶಯದಲ್ಲಿ ಗುಳ್ಳೆಗಳ ತೊಂದರೆ) ಅಂತಿದೆ, ಅವಳ ಕಥೆ ಏನು?

ಹಳೇ ಹವಾಲ್ದಾರ್, ಶಿರಸಿ:
ಕಹಿ ಮಾತು ಮೊದಲೇ ಹೇಳಿಬಿಡ್ತೇನೆ. ನಮ್ಮ ದೇಶದ ಮೂರೂ ಪಡೆಗಳಲ್ಲಿ ಸೇರುವಾಗಲೇ ಹಾರ್ಮೋನಿನ ಕಾಯಿಲೆ ಇದೆ ಅಂತಾದ್ರೆ ಬಾಗಿಲು ಸಾಧಾರಣವಾಗಿ ಮುಚ್ಚಿದ ಹಾಗೇ. ವಾಯುಪಡೆಯ ಅಧಿಕಾರಿ ಭರ್ತಿಯ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ: ಅಂತಃಸ್ರಾವಕ (ಹಾರ್ಮೋನ್) ಗ್ರಂಥಿಗಳ ತೊಂದರೆ ಹಿಂದೆ ಇತ್ತು ಅನ್ನೋ ಸುಳಿವಿದ್ದರೂ ಸಾಮಾನ್ಯವಾಗಿ ತಿರಸ್ಕಾರ. ಗಂಟಲಲ್ಲಿ ಗಂಟಿದ್ದು ಹಾರ್ಮೋನ್ ಮಟ್ಟ ಏರುಪೇರಾಗಿದ್ದರೆ ಇಲ್ಲ. ಸಣ್ಣ ಸಾದಾ ಗಳಗಂಡ ಇದ್ದು, ಹಾರ್ಮೋನ್ ಮತ್ತು ಅಯೋಡಿನ್ ಹೀರಿಕೆ ಎರಡೂ ಸರಿ ಇದ್ದರೆ ಮಾತ್ರ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆ ಇದ್ದರೆ ಇಲ್ಲವೇ ಇಲ್ಲ. ತಂದೆತಾಯಿಗೆ ಸಕ್ಕರೆ ಇದ್ದರೆ ಖಾಲಿ ಹೊಟ್ಟೆಯಲ್ಲೂ ಗ್ಲೂಕೋಸ್ ಕುಡಿಸಿದ ಮೇಲೂ ರಕ್ತ ನೋಡಿ ದಾಖಲೆ ಮಾಡ್ತಾರೆ, ಅಷ್ಟಕ್ಕೇ ಹೊರಗೆ ಹಾಕಲ್ಲ.

ಇಷ್ಟು ಬಿಗಿ ಯಾಕೆ ಅಂದ್ರೆ, ಮಾತ್ರೆ ಪ್ರತಿದಿನ ಬೇಕು, ವರ್ಷಕ್ಕೆ ಒಂದೆರಡು ಸಲವಾದರೂ ರಕ್ತ ಪರೀಕ್ಷೆ ಬೇಕು. ಹಿಮದ ಪೋಸ್ಟಿನಲ್ಲಿ ರಸ್ತೆ ತಿಂಗಳುಗಟ್ಟಲೆ ಬಂದ್ ಇರುತ್ತೆ, ಹಡಗು ವಾರಗಟ್ಟಲೆ ನೀರಲ್ಲಿರುತ್ತೆ. ಥೈರಾಯ್ಡ್ ಕಡಿಮೆ ಇದ್ದವನಿಗೆ ಚಳಿ ಬೇರೆ ತಡೆಯೋದಿಲ್ಲ.

ಆದ್ರೆ ನಿಮ್ಮ ಹುಡುಗನಿಗೆ ಕಾಯಿಲೆ ಇದೆ ಅಂತ ಇನ್ನೂ ಖಚಿತ ಆಗಿಲ್ಲವಲ್ಲ. ಒಂದೇ ಒಂದು ಅಂಕಿ, ಅದೂ ಜ್ವರದ ಬೆನ್ನಿಗೆ. ಅದನ್ನ ಲ್ಯಾಬಿನವರು ಬಿಡಿಸಿ ಹೇಳಲಿ.

ಕುಮಟಾ ಲ್ಯಾಬ್:
ಹವಾಲ್ದಾರ್ ಸಾಹೇಬ್ರು ಸರಿಯಾದ ಜಾಗಕ್ಕೇ ಕೈ ಇಟ್ಟರು. ಟಿಎಸ್‌ಎಚ್‌ನ ಸಾಮಾನ್ಯ ಮಿತಿ ಹೆಚ್ಚಿನ ಲ್ಯಾಬ್‌ಗಳಲ್ಲಿ ಸುಮಾರು 0.4ರಿಂದ 4.5. ಅದಕ್ಕಿಂತ ಮೇಲಿದ್ದು 10ರ ಒಳಗೇ ಇದ್ದರೆ ಜೊತೆಗೆ ಫ್ರೀ ಟಿ4 (ಥೈರಾಯ್ಡ್ ಗ್ರಂಥಿ ಬಿಡುವ ಹಾರ್ಮೋನ್) ನೋಡದೆ ಏನೂ ಹೇಳೋಕಾಗಲ್ಲ. ಫ್ರೀ ಟಿ4 ಸರಿ ಇದ್ದರೆ ಅದು ‘ಸಬ್‌ಕ್ಲಿನಿಕಲ್’, ಅಂದ್ರೆ ಗ್ರಂಥಿ ಸ್ವಲ್ಪ ಒದ್ದಾಡ್ತಾ ಇದೆ, ಕೆಲಸ ಮಾತ್ರ ನಡೀತಾ ಇದೆ. ಈ ಗುಂಪಿನಲ್ಲಿ ಬಹಳ ಜನಕ್ಕೆ ಎರಡು ಮೂರು ತಿಂಗಳು ಬಿಟ್ಟು ನೋಡಿದ್ರೆ ಅಂಕಿ ತಾನೇ ಇಳಿದಿರುತ್ತೆ.

ಜ್ವರದ ವಿಷಯ: ಜೋರು ಕಾಯಿಲೆ ನಡೀತಿರುವಾಗ ಟಿಎಸ್‌ಎಚ್ ಕೆಳಗೆ ಬೀಳುತ್ತೆ, ಚೇತರಿಸಿಕೊಳ್ಳುವಾಗ ಕೆಲವು ದಿನ ಮೇಲಕ್ಕೆ ಜಿಗಿಯುತ್ತೆ. ಡೆಂಗ್ಯೂ ಇರಲಿ, ಇಲಿಜ್ವರ ಇರಲಿ, ಸಿದ್ದಾಪುರ ಕಡೆಯ ಮಂಗನ ಕಾಯಿಲೆ ಇರಲಿ, ಬಿಟ್ಟು ಆರು ವಾರವಾದರೂ ಆಗದೆ ಥೈರಾಯ್ಡ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಎರಡನೇ ಸಲ ಮಾಡಿಸುವಾಗ ಟಿಎಸ್‌ಎಚ್, ಫ್ರೀ ಟಿ4, ಆಂಟಿ ಟಿಪಿಒ (ಗ್ರಂಥಿಯ ಮೇಲೇ ಬೀಳುವ ಪ್ರತಿಕಾಯ) ಮೂರೂ ಬರೆಸಿ. ಅದೇ ಲ್ಯಾಬು, ಅದೇ ಹೊತ್ತು. ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ. ಬೆಳಿಗ್ಗೆ 7ಕ್ಕೆ ಕೊಟ್ಟದ್ದನ್ನೂ ಮಧ್ಯಾಹ್ನ 3ಕ್ಕೆ ಕೊಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ‘ಇಳಿದಿದೆ’ ಅಂತ ಖುಷಿಪಡೋರು ಬಹಳ. ರಾತ್ರಿ ನಿದ್ದೆಗೆಟ್ಟು ಬಸ್ಸಲ್ಲಿ ಬಂದು ರಕ್ತ ಕೊಟ್ಟರೂ ಸ್ವಲ್ಪ ಏರುತ್ತೆ. ಉಪವಾಸ ಬೇಕಂತ ಇಲ್ಲ.

ಮತ್ತೊಂದು, ಕೂದಲು ಉದುರೋದಕ್ಕೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರೆ (5, 10 ಮಿಲಿಗ್ರಾಂದು) ಕನಿಷ್ಠ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಎಷ್ಟೋ ಯಂತ್ರಗಳು ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸಿ ಕೆಲಸ ಮಾಡೋದು. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತೆ. ಜಿಮ್ ಪೌಡರ್ ಡಬ್ಬಿಯ ಹಿಂದೆಯೂ ಓದಿ ನೋಡಿ, ಕೆಲವದರಲ್ಲಿ ಇರುತ್ತೆ.

ಬೇಲೇಕೇರಿ ಬಂದರ:
ಹಾಗಾದ್ರೆ ಮಾತ್ರೆ ಶುರು ಮಾಡೋದೇ ಬೇಡ್ವಾ?

ಕುಮಟಾ ಲ್ಯಾಬ್:
ಅದನ್ನ ಲ್ಯಾಬಿನವ ಹೇಳಬಾರದು. ಬರೆದುಕೊಟ್ಟ ಡಾಕ್ಟರ ಹತ್ರವೇ ಹೋಗಿ ನೇರವಾಗಿ ಕೇಳಿ: “ಫ್ರೀ ಟಿ4 ನೋಡಿಲ್ಲ, ಜ್ವರ ಬಿಟ್ಟು ಹತ್ತೇ ದಿನ ಆಗಿತ್ತು, ಎಂಟು ವಾರ ಬಿಟ್ಟು ಇನ್ನೊಮ್ಮೆ ನೋಡೋಣವಾ?” ಟಿಎಸ್‌ಎಚ್ 10 ದಾಟಿದ್ದರೆ, ಫ್ರೀ ಟಿ4 ಕಡಿಮೆ ಇದ್ದರೆ, ಗಂಟಲು ಊದಿದ್ದರೆ ಡಾಕ್ಟರು ಸಾಮಾನ್ಯವಾಗಿ ಸುಮ್ಮನೆ ಕಾಯಿರಿ ಅನ್ನಲ್ಲ, ಕಾಯಲೂಬಾರದು. 6.8ಕ್ಕೆ ಕಾದು ನೋಡೋದು ಹೊಸದೇನಲ್ಲ. ಆಂಟಿ ಟಿಪಿಒ ಜೋರಾಗಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ದೇಹವೇ ತನ್ನ ಗ್ರಂಥಿಯ ಮೇಲೆ ಬಿದ್ದಿದೆ ಅಂತರ್ಥ, ಇವತ್ತಲ್ಲ ನಾಳೆ ಮಾತ್ರೆ ಬೇಕಾಗುವ ಸಂಭವ ಹೆಚ್ಚು.

ಮದ್ದಿನಂಗಡಿ, ಹೊನ್ನಾವರ:
ಎರಡನೇ ಪ್ರಶ್ನೆಗೆ ಬರ್ತೇನೆ, ನಾಲ್ಕು ದಿನ ಮಾತ್ರೆ ಬಿಡೋ ಉಪಾಯ. ಲಿವೋಥೈರಾಕ್ಸಿನ್ (ಇದೇ ಥೈರಾಯ್ಡ್ ಮಾತ್ರೆ) ರಕ್ತದಲ್ಲಿ ಅರ್ಧ ಆಗಲಿಕ್ಕೇ ಸುಮಾರು ಏಳು ದಿನ ಬೇಕು. ನಾಲ್ಕು ದಿನ ಬಿಟ್ಟರೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇರುತ್ತೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲ್ಲ. ಒಂದು ತಿಂಗಳು ಬಿಟ್ಟರೆ ಹದಿನಾರರಲ್ಲಿ ಒಂದು ಪಾಲೂ ಉಳಿದಿರಲ್ಲ, ನಿಜವಾಗಿ ಕಾಯಿಲೆ ಇದ್ದವನಿಗೆ ಟಿಎಸ್‌ಎಚ್ ಮೊದಲಿಗಿಂತ ಮೇಲೆ ಹೋಗಿರುತ್ತೆ, ಕಾಲು ಭಾರ, ಮೀನಖಂಡ ಹಿಡಿತ ಶುರುವಾಗಿರುತ್ತೆ. ಓಟದ ದಿನವೇ ಪೆಟ್ಟು. ಯಾವ ಕಡೆಯಿಂದ ನೋಡಿದ್ರೂ ಮೂರ್ಖತನದ ಸಲಹೆ.

ಡಾಕ್ಟರು ಮಾತ್ರೆ ಬೇಕೇ ಬೇಕು ಅಂದ್ರೆ ತಗೊಳ್ಳೋ ಕ್ರಮ ಸರಿ ಇರಲಿ. ಎದ್ದ ತಕ್ಷಣ ಬರೀ ನೀರಲ್ಲಿ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಘಟ್ಟದ ಮೇಲಿನ ಮನೆಗಳಲ್ಲಿ ತಪ್ಪು ಆಗೋದು ಇಲ್ಲೇ: ಮಾತ್ರೆ ನುಂಗಿ ಐದು ನಿಮಿಷಕ್ಕೆ ಹಾಲು ಹಾಕಿದ ಕಷಾಯ ಕೈಗೆ ಬರುತ್ತೆ. ಕಾಫಿಯೂ ಅಷ್ಟೇ, ಹೀರಿಕೆ ಕಡಿಮೆ ಮಾಡುತ್ತೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಪೂರ್ತಿ ಡೋಸು ಬೇಕಾದವರಿಗೆ ಅಂದಾಜು ಕೆ.ಜಿ.ಗೆ 1.6 ಮೈಕ್ರೋಗ್ರಾಂ, ಅಂದ್ರೆ 58 ಕೆ.ಜಿ.ಗೆ 93ರ ಆಸುಪಾಸು. ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರ ತುಂಬೋ ಮೊದಲೇ ಟಿಎಸ್‌ಎಚ್ ನೋಡಿದ್ರೆ ಅರ್ಧಂಬರ್ಧ ಅಂಕಿ ಬರುತ್ತೆ. ಪರೀಕ್ಷೆ ದಿನ ರಕ್ತ ಕೊಟ್ಟ ಮೇಲೇ ಮಾತ್ರೆ ತಗೊಳ್ಳಿ, ಇಲ್ಲದಿದ್ರೆ ಫ್ರೀ ಟಿ4 ಕೆಲವು ಗಂಟೆ ಮೇಲಿರುತ್ತೆ.

ಬಾಟಲಿ ಬಗ್ಗೆ ಒಂದು ಮಾತು. ಈ ಮಾತ್ರೆಗೆ ಬಿಸಿ, ಬೆಳಕು, ತೇವ ಮೂರೂ ಆಗದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತೆ. ಒಳಗಿರುವ ಪುಟ್ಟ ಸಿಲಿಕಾ ಪೊಟ್ಟಣ ಎಸೀಬೇಡಿ, ತಿಂಗಳಿನ ಮಾತ್ರೆ ಒಟ್ಟಿಗೆ ಸುರಿದು ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ, ಒಲೆ ಮೇಲಿನ ಹಲಗೆಯಲ್ಲಿ, ಬಚ್ಚಲ ಕಿಟಕಿಯಲ್ಲಿ ಇಡಬೇಡಿ. ಮಾತ್ರೆಯ ಅಂಚು ಬೆರಳಿಗೆ ಪುಡಿಪುಡಿಯಾಗಿ ಹತ್ತಿದ್ರೆ ಅದು ಕೆಟ್ಟಿದೆ ಅಂತಲೇ ಲೆಕ್ಕ. ‘ಡೋಸ್ ಸರಿ ಇದ್ರೂ ಟಿಎಸ್‌ಎಚ್ ಏರ್ತಾ ಇದೆ’ ಅಂತ ಮಳೆಗಾಲ ಮುಗಿದ ಮೇಲೆ ಬರೋರಿಗೆ ಮೊದಲು ಕೇಳಬೇಕಾದ ಪ್ರಶ್ನೆಯೇ ಬಾಟಲಿ ಎಲ್ಲಿಟ್ಟಿದ್ದೀರಿ ಅನ್ನೋದು.

ಗಾಬಿತ ಹುಡುಗ:
ನಮ್ ಕಡೆ ಸಾಣಿಕಟ್ಟಾ ಉಪ್ಪು ತಿಂತಾರೆ, ಅದ್ರಲ್ಲಿ ಅಯೋಡಿನ್ ಇಲ್ಲ, ಅದಕ್ಕೇ ಹೀಗಾಗಿರೋದು. ಅಯೋಡಿನ್ ಉಪ್ಪು ಜಾಸ್ತಿ ತಿಂದ್ರೆ ಸರಿಯಾಗುತ್ತೆ. ಸಮುದ್ರದ ಪಾಚಿ ಮಾತ್ರೆನೂ ಆನ್‌ಲೈನಲ್ಲಿ ಸಿಗುತ್ತೆ.

ಕುಮಟಾ ಲ್ಯಾಬ್:
ಅರ್ಧ ಸರಿ ತಮ್ಮಾ, ಉಳಿದರ್ಧ ಅಪಾಯ. ಸಾಣಿಕಟ್ಟಾದ ಹರಳುಪ್ಪಿಗೆ ಅಯೋಡಿನ್ ಸೇರಿಸದಿದ್ದರೆ ಅದರಲ್ಲಿ ಹೇಳಿಕೊಳ್ಳುವಷ್ಟು ಇರಲ್ಲ, ನಿಜ. ಕಾನೂನಿನ ಪ್ರಕಾರ ಅಯೋಡಿನ್ ಉಪ್ಪಿನಲ್ಲಿ ಅಂಗಡಿ ಮಟ್ಟದಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150. ಮೀನು, ಸಿಗಡಿ, ಹಾಲು, ಮೊಟ್ಟೆಯಿಂದಲೂ ಸೇರುತ್ತೆ. ಹಾಗಾಗಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಹರಳುಪ್ಪು, ಸಾರಿಗೆ ಅಯೋಡಿನ್ ಉಪ್ಪು ಅಂತ ಇಟ್ಟುಕೊಂಡರೆ ಅಡ್ಡಿಲ್ಲ. ಮೀನು ಮುಟ್ಟದ ಘಟ್ಟದ ಮೇಲಿನ ಮನೆಯವರು ಇದನ್ನ ಹೆಚ್ಚು ಗಮನಿಸಬೇಕು.

ಆದ್ರೆ ಆಂಟಿ ಟಿಪಿಒ ಇರುವವರ ತೊಂದರೆ ಉಪ್ಪಿನದ್ದಲ್ಲ. ಪಾಚಿ ಮಾತ್ರೆಯಲ್ಲಿ ಅಯೋಡಿನ್ ಬೇಕಾದ್ದಕ್ಕಿಂತ ಹಲವು ಪಟ್ಟು ಇರಬಹುದು, ಅಂಥವರ ಗ್ರಂಥಿಯನ್ನ ಅದು ಇನ್ನೂ ಮಂಕು ಮಾಡುತ್ತೆ. ಭರ್ತಿಗೆ ಮೂರು ತಿಂಗಳು ಇದ್ದಾಗ ಇಂಥದ್ದು ಮಾಡಿದ್ರೆ 6.8 ಇದ್ದದ್ದು 12 ಆದೀತು.

ಬೇಲೇಕೇರಿ ಬಂದರ:
ಮೆಡಿಕಲ್‌ನಲ್ಲಿ ಎಲ್ರಿಗೂ ಥೈರಾಯ್ಡ್ ರಕ್ತ ಪರೀಕ್ಷೆ ಇರುತ್ತಾ?

ಹಳೇ ಹವಾಲ್ದಾರ್, ಶಿರಸಿ:
ಎಲ್ಲರಿಗೂ ಮಾಡೋ ವಾಡಿಕೆ ಇಲ್ಲ. ಅಧಿಕಾರಿ ಭರ್ತಿಯಲ್ಲಿ ರಕ್ತದ ಎಣಿಕೆ, ಮೂತ್ರ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಖಾಯಂ. ಥೈರಾಯ್ಡ್ ಬರೋದು ವೈದ್ಯಾಧಿಕಾರಿಗೆ ಅನುಮಾನ ಹುಟ್ಟಿದಾಗ. ಅವರು ಗಂಟಲು ಎತ್ತಿ ಎಂಜಲು ನುಂಗು ಅಂತಾರೆ, ಗಂಟು ಮೇಲೆ ಸರೀತದಾ ನೋಡ್ತಾರೆ. ಕೈ ಚಾಚಿಸಿ ಬೆರಳು ನಡುಗುತ್ತಾ ನೋಡ್ತಾರೆ. ಕೂತಾಗಲೇ ನಾಡಿ 100 ದಾಟಿ ಇಳಿಯದಿದ್ರೆ ಥೈರಾಯ್ಡ್ ಹೆಚ್ಚಾಗಿದೆಯಾ ಅಂತ ಕೇಳಿಯೇ ಕೇಳ್ತಾರೆ. ಬೇಗ ಗುಣ ಆಗಲಿ ಅಂತ 50ರ ಜಾಗದಲ್ಲಿ 100 ನುಂಗೋ ಹುಡುಗರು ಸಿಕ್ಕಿಬೀಳೋದು ಇಲ್ಲಿ.

ಈಗ ‘ಹಾಗಾದ್ರೆ ಹೇಳದೇ ಇದ್ರಾಯ್ತು’ ಅನ್ನೋದು ಕೆಲವರ ತಲೆಗೆ ಬಂದಿರುತ್ತೆ. ಹಿಂದಿನ ಕಾಯಿಲೆ, ಈಗಿನ ಮದ್ದು ಎರಡರ ಬಗ್ಗೆಯೂ ಅಭ್ಯರ್ಥಿಯ ಸಹಿ ಇರುವ ಹೇಳಿಕೆ ಫೈಲಿಗೆ ಸೇರುತ್ತೆ. ತರಬೇತಿ ಕೇಂದ್ರದಲ್ಲಿ ಪೆಟ್ಟಿಗೆ ತಪಾಸಣೆ ಇರುತ್ತೆ, ಹೊರಗಿನ ಮಾತ್ರೆ ಬಚ್ಚಿಡೋ ಜಾಗ ಅದಲ್ಲ. ಮಾತ್ರೆ ನಿಂತು ಎರಡು ತಿಂಗಳಿಗೆ ದೇಹ ಜಗ್ಗುತ್ತೆ, ಆಸ್ಪತ್ರೆಗೆ ಹಾಕ್ತಾರೆ, ಅಲ್ಲಿ ಎಲ್ಲ ಹೊರಗೆ. ಸುಳ್ಳು ಹೇಳಿಕೆ ಅಂತ ಮನೆಗೆ ಕಳಿಸಿದ್ರೆ ಮುಂದೆ ಬೇರೆ ಸರಕಾರಿ ಕೆಲಸಕ್ಕೂ ಅದು ಬೆನ್ನು ಹತ್ತುತ್ತೆ. ಸೇವೆಯಲ್ಲಿದ್ದಾಗ ಥೈರಾಯ್ಡ್ ಬಂದವರ ದಾರಿಯೇ ಬೇರೆ. ಅವರನ್ನ ಅದೊಂದೇ ಕಾರಣಕ್ಕೆ ತೆಗೆಯಲ್ಲ, ‘ಶೇಪ್’ ಅನ್ನೋ ಸೇನೆಯ ಆರೋಗ್ಯ ವರ್ಗೀಕರಣದಲ್ಲಿ ಪಿ (ದೈಹಿಕ ಸಾಮರ್ಥ್ಯ) ಅಂಶ ಇಳಿಸಿ ಕೆಲವು ಜಾಗಕ್ಕೆ ಪೋಸ್ಟಿಂಗ್ ತಡೀತಾರೆ. ‘ನಮ್ಮೂರ ಸುಬೇದಾರರು ಮಾತ್ರೆ ತಗೊಳ್ತಾರಲ್ಲ’ ಅನ್ನೋ ವಾದಕ್ಕೆ ಉತ್ತರ ಅದು.

ಬನವಾಸಿ ರಸ್ತೆ:
ಟಿಎಸ್‌ಎಚ್ ನಾರ್ಮಲ್ ಇದ್ರೆ ಮಾತ್ರೆ ತಗೊಂಡ್ರೂ ಫಿಟ್ ಅಂತ ಯೂಟ್ಯೂಬಲ್ಲಿ ನಿಯಮ ಸಮೇತ ತೋರಿಸ್ತಾರಲ್ಲ?

ಹಳೇ ಹವಾಲ್ದಾರ್, ಶಿರಸಿ:
ಅದು ಅಮೆರಿಕದ್ದು ಮಾರಾಯ್ರೆ. ಅವರ ರಕ್ಷಣಾ ಇಲಾಖೆಯ ಭರ್ತಿ ನಿಯಮದಲ್ಲಿ ಲಕ್ಷಣ ಇಲ್ಲದೆ, ಹಿಂದಿನ 12 ತಿಂಗಳೊಳಗೆ ಟಿಎಸ್‌ಎಚ್ ಸರಿ ಇದ್ದರೆ ಥೈರಾಯ್ಡ್ ಕೊರತೆ ಅಡ್ಡಿ ಅಲ್ಲ. ಅವರಲ್ಲಿ ‘ವೇವರ್’ ಅಂತ ವಿನಾಯಿತಿ ಕೇಳುವ ಪದ್ಧತಿಯೂ ಇದೆ. ಆ ಪದ ಹಿಡಿದು ಇಲ್ಲಿ ಭರ್ತಿ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಯಾರಿಗೂ ಅರ್ಥ ಆಗಲ್ಲ. ಇಲ್ಲಿರೋದು ಮರುಪರೀಕ್ಷೆ, ವಿನಾಯಿತಿ ಅಲ್ಲ.

ದಾದಿ ಅಕ್ಕ, ಯಲ್ಲಾಪುರ:
ಹುಡುಗಿ ವಿಷಯ ಯಾರೂ ಎತ್ತಲಿಲ್ಲ. ಸ್ಕ್ಯಾನ್ ಚೀಟಿಯಲ್ಲಿ ‘ಪಿಸಿಒಡಿ’ ಅಂತ ಬರೆದ ಮಾತ್ರಕ್ಕೆ ಕಾಯಿಲೆ ಅಲ್ಲ. ಮೂರರಲ್ಲಿ ಎರಡು ಇರಬೇಕು: ಮುಟ್ಟು ಏರುಪೇರು, ಗಂಡು ಹಾರ್ಮೋನ್ ಹೆಚ್ಚಿರುವ ಗುರುತು (ಮೀಸೆ, ಗಲ್ಲದ ಕೂದಲು, ಜೋರು ಮೊಡವೆ ಅಥವಾ ರಕ್ತದಲ್ಲಿ), ಅಂಡಾಶಯದಲ್ಲಿ ಗುಳ್ಳೆಗಳು. ಮೊದಲ ಮುಟ್ಟಾಗಿ ಎಂಟು ವರ್ಷದೊಳಗೆ ಇರುವವರಿಗೆ ಸ್ಕ್ಯಾನ್ ನೋಡಿ ಹೆಸರಿಡಲೇಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, ಆ ವಯಸ್ಸಲ್ಲಿ ಅಂಡಾಶಯ ಹಾಗೇ ಕಾಣೋದು. 13ಕ್ಕೆ ದೊಡ್ಡವಳಾಗಿದ್ರೆ 20ರಲ್ಲಿ ಇನ್ನೂ ಅದೇ ಲೆಕ್ಕ.

ಸಿಡಿಎಸ್ ಅಧಿಸೂಚನೆಯ ಮಹಿಳೆಯರ ಭಾಗ ಓದಿ. 6 ಸೆಂ.ಮೀ. ತನಕದ ಒಂಟಿ ಸಾದಾ ಗುಳ್ಳೆ ನಡೆಯುತ್ತೆ. ಒಳಗೆ ಪರದೆ, ಗಟ್ಟಿ ಭಾಗ ಇರುವ ಗುಳ್ಳೆ ಎಷ್ಟೇ ಸಣ್ಣದಿದ್ರೂ ಇಲ್ಲ. ಮುಟ್ಟೇ ನಿಂತಿರೋದು, ತೀರಾ ಜೋರು ಸ್ರಾವ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರ ಹೊರಗೆ ಬೆಳೆಯೋದು) ಇವೂ ಇಲ್ಲ. ಹಾಗಾಗಿ ಅವಳಿಗೆ ಮುಖ್ಯವಾದದ್ದು ಸ್ಕ್ಯಾನಿನ ಪದ ಅಲ್ಲ, ಮುಟ್ಟಿನ ಲೆಕ್ಕ. ಆರು ತಿಂಗಳ ತಾರೀಖು ಕ್ಯಾಲೆಂಡರಲ್ಲಿ ಗುರುತು ಹಾಕಿ ಇಡಲಿ. 21ರಿಂದ 35 ದಿನದೊಳಗೆ ಬರ್ತಾ ಇದ್ರೆ ಚಿಂತೆ ಬೇಡ. ಮೆಡಿಕಲ್ ಮುಂಚೆ ತಿಂಗಳು ಸರಿ ಕಾಣಲಿ ಅಂತ ಗರ್ಭನಿರೋಧಕ ಗುಳಿಗೆ ನುಂಗಿಸೋ ಮನೆಯವರಿದ್ದಾರೆ. ಗುಳಿಗೆ ನಿಲ್ಲಿಸಿದಾಗ ಬರೋ ಸ್ರಾವ ನಿಜವಾದ ಮುಟ್ಟಲ್ಲ, ಹಾರ್ಮೋನ್ ಪರೀಕ್ಷೆಯನ್ನೂ ಮೂರು ತಿಂಗಳು ಕೆಡಿಸುತ್ತೆ. ತೂಕ ಹೆಚ್ಚಿದ್ದವರಿಗೆ ನೂರಕ್ಕೆ ಐದು ಇಳಿಸಿದ್ರೂ ಎಷ್ಟೋ ಸಲ ಮುಟ್ಟು ದಾರಿಗೆ ಬರುತ್ತೆ. ಥೈರಾಯ್ಡನ್ನೂ ಅವಳಿಗೆ ಒಮ್ಮೆ ನೋಡಿಸಿ, ಕುಟುಂಬದಲ್ಲಿ ಓಡುತ್ತೆ, ಮುಟ್ಟಿನ ಏರುಪೇರಿಗೆ ಅದೂ ಕಾರಣ.

ಟಾಗೋರ್ ಕಡಲತೀರ:
ಓಟದ ಬಗ್ಗೆ ಸಣ್ಣ ಸೇರ್ಪಡೆ. ಚೆಂಡಿಯಾದ ಪರಮವೀರ ರಾಣೆಯವರ ಪ್ರತಿಮೆ ಹತ್ರದಿಂದ ಮರಳಲ್ಲಿ ಓಡೋ ಹುಡುಗ್ರು ‘1.6 ಕಿ.ಮೀ. ಆಗ್ತಿಲ್ಲ, ಥೈರಾಯ್ಡೇ ಕಾರಣ’ ಅಂತ ತಾವೇ ತೀರ್ಮಾನ ಮಾಡ್ಕೊಳ್ತಾರೆ. ಒಣ ಮರಳಲ್ಲಿ ಯಾರಿಗೂ ಟ್ರ್ಯಾಕಿನ ಸಮಯ ಬರಲ್ಲ. ನೌಕಾಪಡೆಯವರು ಕೇಳೋದು ಗಂಡುಮಕ್ಕಳಿಗೆ 6 ನಿಮಿಷ 30 ಸೆಕೆಂಡು, ಹೆಣ್ಣುಮಕ್ಕಳಿಗೆ 8 ನಿಮಿಷ. ಸಮಯ ಅಳೆಯೋದು ಗಟ್ಟಿ ನೆಲದಲ್ಲೇ ಆಗಲಿ. ನಿಜಕ್ಕೂ ಥೈರಾಯ್ಡ್ ಕಡಿಮೆ ಇದ್ದವರಿಗೆ ಬೇರೆ ಗುರುತಿದೆ: ಓಡಿ ಎಷ್ಟೋ ದಿನವಾದ್ರೂ ತೊಡೆ ನೋವು ಇಳಿಯದೇ ಇರಬಹುದು, ರಕ್ತದಲ್ಲಿ ಸಿಕೆ (ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಕಿಣ್ವ) ಏರಿರಬಹುದು. ಅಂಥವರು ಮಾತ್ರೆ ಹದಕ್ಕೆ ಬರೋ ತನಕ ಜೋರು ಕಸರತ್ತು ಮಾಡಬಾರದು, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಏಟು ಬೀಳೋದುಂಟು.

ಬೇಲೇಕೇರಿ ಬಂದರ:
ಒಂದು ವೇಳೆ ಅಲ್ಲಿ ಅನ್‌ಫಿಟ್ ಅಂದ್ರೆ? ಅರ್ಗಾದ ನೇವಿ ಆಸ್ಪತ್ರೆ ಹತ್ರವೇ ಇದೆಯಲ್ಲ, ಮೊದಲೇ ತೋರಿಸಿ ಬರಬಹುದಾ?

ಹಳೇ ಹವಾಲ್ದಾರ್, ಶಿರಸಿ:
ಆಗಲ್ಲ. ಪತಂಜಲಿ ನೌಕಾ ಆಸ್ಪತ್ರೆ ಇರೋದು ಸೇವೆಯಲ್ಲಿರುವವರಿಗೆ, ಅವರ ಮನೆಯವರಿಗೆ, ನಿವೃತ್ತರಿಗೆ. ಭರ್ತಿಗೆ ಹೋಗೋ ಹುಡುಗ ಕಾಗದ ಇಲ್ಲದೆ ಗೇಟು ದಾಟಲ್ಲ. ಮುಂಚೆ ತೋರಿಸೋದಾದ್ರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ, ಶಿರಸಿ ಪಂಡಿತ್ ಆಸ್ಪತ್ರೆಯ ಫಿಜಿಷಿಯನ್ ಸಾಕು. ಹಾರ್ಮೋನ್ ತಜ್ಞರೇ ಬೇಕಂದ್ರೆ ಮಣಿಪಾಲ ಇಲ್ಲ ಹುಬ್ಬಳ್ಳಿ.

ಅನ್‌ಫಿಟ್ ಆದರೆ ದಿನ ಎಣಿಸಬೇಕು. ಭೂಸೇನೆಯ ಅಗ್ನಿವೀರ್‌ಗೆ ರ‍್ಯಾಲಿಯಲ್ಲಿ ಕೊಟ್ಟ ಚೀಟಿಯಲ್ಲಿ ಯಾವ ಮಿಲಿಟರಿ ಆಸ್ಪತ್ರೆ ಅಂತ ಇರುತ್ತೆ, ಐದು ದಿನದೊಳಗೆ ಅಲ್ಲಿ ಹಾಜರಾಗಬೇಕು, ಹಾಜರಾಗಿ 14 ದಿನದಲ್ಲಿ ಮುಗಿಸಬೇಕು. ನೌಕಾಪಡೆಯ ಅಗ್ನಿವೀರ್‌ಗೆ 21 ದಿನ, ಜೊತೆಗೆ ಎಂಆರ್‌ಒ ಚಲನ್‌ನಲ್ಲಿ (ಸೇನೆಗೆ ಹಣ ಕಟ್ಟುವ ಚೀಟಿ) 40 ರೂಪಾಯಿ ಕಟ್ಟಬೇಕು. ಅಧಿಕಾರಿ ಭರ್ತಿಯಲ್ಲಿ ಮೇಲ್ಮನವಿ ಮಂಡಳಿ 42 ದಿನದೊಳಗೆ, ಅಲ್ಲೂ ಆಗದಿದ್ರೆ ಪುನರ್‌ಪರಿಶೀಲನಾ ಮಂಡಳಿ, ಅದು ಕೇಳಿದವರಿಗೆಲ್ಲ ಸಿಗಲ್ಲ. ಆಯಾ ವರ್ಷದ ಅಧಿಸೂಚನೆಯಲ್ಲಿ ಈ ಅಂಕಿ ನೋಡಿಕೊಳ್ಳಿ, ಬದಲಾಗಿದ್ದರೆ ಅದೇ ಕಾನೂನು.

ಇಷ್ಟು ಕಡಿಮೆ ದಿನದಲ್ಲಿ ಟಿಎಸ್‌ಎಚ್ ಇಳಿಸೋದು ಸಾಧ್ಯ ಇಲ್ಲ. ಮರುಪರೀಕ್ಷೆ ಉಪಯೋಗ ಆಗೋದು ಮೊದಲನೇ ಅಂಕಿಯೇ ತಪ್ಪಿದ್ದರೆ, ಅಥವಾ ಗಂಟಲ ಗಂಟು ಸಾದಾ ಅಂತ ತೋರಿಸಬೇಕಾದ್ರೆ. ಅದಕ್ಕೇ ಎಂಟು ವಾರದ ಆ ಎರಡನೇ ರಿಪೋರ್ಟ್ ಭರ್ತಿಗೆ ಮೊದಲೇ ಕೈಲಿರಬೇಕು ಅನ್ನೋದು. ಹೊರಗಿನ ರಿಪೋರ್ಟನ್ನ ಅವರು ಒಪ್ಪಲೇಬೇಕಂತ ಇಲ್ಲ, ತಮ್ಮದೇ ಲ್ಯಾಬಲ್ಲಿ ಮತ್ತೆ ನೋಡ್ತಾರೆ, ಆದ್ರೆ ಹಳೆ ದಾಖಲೆ ಇದ್ರೆ ತಜ್ಞರು ಗಮನಕ್ಕೆ ತಗೊಳ್ತಾರೆ.

ಮಾಜಾಳಿ ಗೇಟ್:
ಮಾತ್ರೆ ಖಾಯಂ ಅಂತಾದ್ರೆ ಕಾರವಾರದ ಕದಂಬ ನೌಕಾನೆಲೆಯ ಹಡಗು ದುರಸ್ತಿ ಕಾರ್ಖಾನೆ ನೆನಪಿರಲಿ. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಭರ್ತಿ ಈ ಕಾರ್ಖಾನೆಗೂ ಗೋವಾದ ನೌಕಾ ವಿಮಾನ ಕಾರ್ಖಾನೆಗೂ ಒಟ್ಟಿಗೇ ಕರೀತಾರೆ. ಟ್ರೇಡ್ಸ್‌ಮನ್ ಮೇಟ್ ಥರದ ನಾಗರಿಕ ಹುದ್ದೆಗಳಿಗೆ ನೌಕಾಪಡೆಯ ಸಿವಿಲಿಯನ್ ಪ್ರವೇಶ ಪರೀಕ್ಷೆ ಇದೆ. ಅಲ್ಲಿನ ದೇಹದಾರ್ಢ್ಯ ಪ್ರಮಾಣಪತ್ರಕ್ಕೂ ಸೈನಿಕನ ಮೆಡಿಕಲ್‌ಗೂ ಸಂಬಂಧ ಇಲ್ಲ. ಹುಡುಗನಿಗೆ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಯಾವುದಾದ್ರೂ ಇದೆಯಾ?

ಬೇಲೇಕೇರಿ ಬಂದರ:
ಇಲ್ಲ, ಪಿಯುಸಿ ವಿಜ್ಞಾನ. ಡಾಕ್ಟರ ಹತ್ರ ಮಾತಾಡಿ ಬಂದ್ವಿ, ಫ್ರೀ ಟಿ4, ಟಿಪಿಒ ನಾಳೆಯೇ ಕೊಡಿ, ಟಿ4 ಸರಿ ಇದ್ರೆ ಮಾತ್ರೆ ಸದ್ಯ ಬೇಡ, ಎಂಟು ವಾರಕ್ಕೆ ಮೂರೂ ಮತ್ತೆ ನೋಡೋಣ ಅಂದ್ರು. ಹುಡುಗ ಕೂದಲಿನ ಮಾತ್ರೆ ನುಂಗ್ತಾ ಇದ್ದಾನೆ ಅಂತ ಇವತ್ತೇ ಗೊತ್ತಾಯ್ತು.

ಕುಮಟಾ ಲ್ಯಾಬ್:
ಹಾಗಾದ್ರೆ ನಾಳೆ ಬೇಡ. ಇವತ್ತಿಗೆ ಆ ಮಾತ್ರೆ ನಿಲ್ಲಿಸಿ, ಮೂರು ದಿನ ಬಿಟ್ಟು ಬೆಳಿಗ್ಗೆ 8ರೊಳಗೆ ಬನ್ನಿ. ಬಯೋಟಿನ್ ತಗೊಳ್ತಿದ್ದ ಅಂತ ಚೀಟಿ ಮೇಲೆ ಬರೆಸಿ. ಬಯೋಟಿನ್ ಟಿಎಸ್‌ಎಚ್ ಇಳಿಸಿ ತೋರಿಸುವಂಥದ್ದು, ಮೊದಲ ಪರೀಕ್ಷೆ ದಿನವೂ ನುಂಗಿದ್ದರೆ ನಿಜವಾದ ಅಂಕಿ 6.8ಕ್ಕಿಂತ ಮೇಲೇ ಇದ್ದಿರಬಹುದು. ಅದನ್ನೂ ಡಾಕ್ಟರಿಗೆ ಹೇಳಿ.